ಅರ್ಧ ಇಳಿದ ಶಟರ್ ಕಲಿಸಿದ್ದು

ಜೋಗೇಶ್ವರಿಯ ಸಾಲುಮನೆಗಳ ಚಾಳಿನಲ್ಲಿ ನಳಕ್ಕೆ ಇನ್ನೂ ನೀರು ಬಂದಿಲ್ಲ. ಶೀತಲ್ ಆಗಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಪರದೆಯ ಮೇಲೆ ಆನ್‌ಲೈನ್ ಕೆಲಸಗಳ ಸಾಲು: ಚಿತ್ರ ನೋಡಿ ಗುರುತು ಹಾಕುವುದು, ಬಿಲ್ ಓದಿ ಅಂಕಿ ತುಂಬುವುದು, ಧ್ವನಿ ಕೇಳಿ ಬರೆಯುವುದು. ಹೆಚ್ಚು ಕೂಲಿಯ ಒಂದರ ಮೇಲೆ ಬೆರಳು ನಿಲ್ಲುತ್ತದೆ. ಸೂಚನೆ ಓದುತ್ತಾರೆ, ಮತ್ತೆ ಓದುತ್ತಾರೆ, ಮುಚ್ಚುತ್ತಾರೆ.

“ಇದು ಬ್ಯಾಡ್ರಿ. ರೊಕ್ಕ ಛಲೋ ಐತಿ, ಖರೆ. ಆದ್ರ ಏನು ಬೇಕು ಅನ್ನೂದು ಅವ್ರಿಗೇ ಗೊತ್ತಿಲ್ಲ.”

ಹೀಗೆ ಬೇಡವೆನ್ನುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದರೆ, ಈ ಕಸುಬಿನ ಕಷ್ಟದ ಭಾಗ ಹೀಗೆ ಆರಿಸುವುದೇ ಅನ್ನಿಸುತ್ತದೆ.

ಶೀತಲ್ ವಿಜಯಪುರದ ಕಡೆಯ ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಈ ಮಹಾನಗರಕ್ಕೆ ಬಂದವರು. ಗಂಡ ಸುಭಾಷ ಹತ್ತಿರದ ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಾರೆ. ಅತ್ತೆ ಸೋಮವ್ವನಿಗೆ ಏಳಲು ಕೈ ಆಸರೆ ಬೇಕು. ಹಾಗಾಗಿ ಟೈಮರ್ ಓಡುವ ಕೆಲಸವನ್ನು ಶೀತಲ್ ಮುಟ್ಟುವುದಿಲ್ಲ. “ಅತ್ತಿ ಕರದ್ರ ಏಳಬೇಕು, ನೀರು ಬಂದ್ರ ಏಳಬೇಕು.”

“ಕರದ್ರ ಎಲ್ಲಿ ಏಳ್ತಿ ನೀ?” ಗೋಡೆಗೊರಗಿದ ಸೋಮವ್ವ ಅಲ್ಲಿಂದಲೇ ಕೇಳುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ದೊಡ್ಡ ಕೆಲಸ ಬಂದಿತ್ತು. ಬೀದಿಯ ಫೋಟೊ ನೋಡಿ, ಅಂಗಡಿ ತೆರೆದಿದೆಯೇ ಮುಚ್ಚಿದೆಯೇ ಹೇಳಬೇಕು. ಅರ್ಧ ಶಟರ್ ಇಳಿದ ಅಂಗಡಿಗಳನ್ನೆಲ್ಲ ಶೀತಲ್ ‘ತೆರೆದಿದೆ’ ಎಂದೇ ಗುರುತಿಸಿದರು. ಈ ಊರಿನಲ್ಲಿ ಅರ್ಧ ಶಟರ್ ಎಂದರೆ ಅಂಗಡಿಯ ಸೇಠ್ ಒಳಗೆ ಊಟಕ್ಕೆ ಕೂತಿದ್ದಾನೆ. ಬಗ್ಗಿ ಕೂಗಿದರೆ ಸಾಮಾನು ಸಿಗುತ್ತದೆ. ಕೆಲಸ ಕೊಟ್ಟವರು ಅಷ್ಟನ್ನೂ ತಿರಸ್ಕರಿಸಿದರು. ಎಷ್ಟು ಕೆಲಸ ಒಪ್ಪಿಗೆಯಾಯಿತು ಎಂದು ತೋರಿಸುವ ಶೀತಲ್ ಅವರ ಸ್ಕೋರ್ ಬಿತ್ತು. ಒಳ್ಳೆಯ ಸ್ಕೋರ್ ಇದ್ದವರಿಗಷ್ಟೇ ಕಾಣುವ, ಶೀತಲ್‌ಗೆ ಬಲು ಇಷ್ಟದ ಕನ್ನಡ ಧ್ವನಿಯ ಕೆಲಸ ಪರದೆಯಿಂದ ಮಾಯವಾಯಿತು.

“ಸಿಟ್ಟು ಬಂತ್ರಿ. ಆಮ್ಯಾಲೆ ಸೂಚನಾ ತಗದು ನೋಡಿದೆ. ‘ಒಳಗಿನ ಸಾಮಾನು ಕಂಡ್ರಷ್ಟ ತೆರದೈತಿ ಅನ್ರಿ’ ಅಂತ ಬರದಿದ್ರು. ನನಗೆಲ್ಲಾ ಗೊತ್ತೈತಿ ಅಂತ ನಾನ ಒತ್ತಿಕೋತ ಹ್ವಾದೆ.”

ಅಂದಿನಿಂದ ಯಾವ ಕೆಲಸವಾದರೂ ಮೊದಲು ಐದೇ ಐದು ಮಾಡಿ ಕಳಿಸುತ್ತಾರೆ. ಒಪ್ಪಿಗೆ ಬಂದರೆ ಮಾತ್ರ ಮುಂದಿನದು. ಕೂಲಿ ಕಡಿಮೆಯಾದರೂ ಸೂಚನೆ ಸ್ಪಷ್ಟವಾಗಿರುವ ಬಿಲ್‌ಗಳನ್ನೇ ತಿಂಗಳುಗಟ್ಟಲೆ ಆರಿಸಿಕೊಂಡು, ಬಿದ್ದ ಸ್ಕೋರನ್ನು ಮೇಲೆತ್ತುತ್ತಿದ್ದಾರೆ.

“ಹೆಣ್ಣು ನೋಡಾಕ ಬಂದಾಗೂ ನಾವು ಇಷ್ಟು ವಿಚಾರ ಮಾಡಿರ್ಲಿಲ್ಲ,” ಚಹಾ ಹೀರುತ್ತ ಸುಭಾಷ ನಗುತ್ತಾರೆ.

“ಅದಕ್ಕ ನಾ ಸಿಕ್ಕೀನಿ ನಿಮಗ.”

ಪುಟ ಮತ್ತೊಮ್ಮೆ ತೆರೆದ ಶೀತಲ್ ಪರದೆಯತ್ತ ಬಾಗುತ್ತಾರೆ. ಸಾಲಿನ ತುದಿಯಲ್ಲಿ ಧ್ವನಿಯ ಕೆಲಸ ಮರಳಿ ಬಂದಿದೆ. ಇಯರ್‌ಫೋನ್ ಕಿವಿಗೆ ಸಿಕ್ಕಿಸುತ್ತಾರೆ. ಯಾರೋ ಅಜ್ಜಿ ವಿಜಯಪುರದ ಕಡೆಯ ಮಾತಿನಲ್ಲಿ ರೊಟ್ಟಿ ಬಡಿಯುವುದನ್ನು ಹೇಳುತ್ತಿದ್ದಾಳೆ. ಇಂಥ ಮಾತು ಫೋನಿಗೆ ತಿಳಿಯಲೆಂದೇ ಈ ಕೆಲಸ.

“ನಮ್ಮತ್ತಿ ಮಾತಾಡಿದ್ರ ಫೋನು ಸುಮ್ನ ಕುಂದರತೈತ್ರಿ. ಒಂದಿನ ಅದು ಅವ್ರಿಗೆ ತಿರುಗಿ ಉತ್ತರ ಕೊಟ್ರ ಸಾಕು ನನಗ.”

“ಕೊಡ್ಲಿ, ಕೊಡ್ಲಿ. ನಿನ್ನ ಚಾಡಿ ಎಲ್ಲಾ ಅದರ ಮುಂದ ಹೇಳ್ತೀನಿ,” ಎನ್ನುತ್ತಾರೆ ಸೋಮವ್ವ.

ಐದು ಮುಗಿಯುತ್ತವೆ. ಆರನೆಯದು ಪರದೆಯ ಮೇಲೆ ಕಾದಿದೆ. ಹೊರಗೆ ನಳ ಗೊರಗುಟ್ಟುತ್ತದೆ. ಶೀತಲ್ ಐದನ್ನೇ ಕಳಿಸಿ ಕೊಡ ಎತ್ತಿಕೊಳ್ಳುತ್ತಾರೆ.

“ಒಪ್ಪಿಗಿ ಬರ್ಲಿ. ಈಗ ಕಾಯಾಕ ಬರ್ತೈತ್ರಿ ನನಗ.”