ಮುಳಿಗುಡ್ಡೆಯ ಗಾಲ್ಫ್ ಭಾವ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಎಂತಹ ಅಂಗಿ ಹಾಕಿದರೂ ಕಾಲರು ಒಂದು ಬದಿಗೆ ಜಾರಿರುತ್ತಿತ್ತು. ಮೂವತ್ತು ವರ್ಷ ಬೊಂಬಾಯಿಯಲ್ಲಿದ್ದು ಐವರ್ನಾಡಿಗೆ ಮರಳಿದ ಆಚೆಮನೆ ಭಾವನಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದೇ ಆ ಭುಜ. ಅವರಿಗೆ ಅಲ್ಲಿ ಹೋಟೆಲಿದೆ ಎಂದು ಊರೆಲ್ಲ ನಂಬಿತ್ತು. ಹೋಟೆಲಿನವರ ಭುಜ ಹೀಗೇಕೆ ಜಗ್ಗಬೇಕು ಎಂಬ ಸಂಶಯ ನನಗೆ ಅಂದೇ ಹುಟ್ಟಿತು.

ಸಂಶಯ ನನ್ನ ಕಸುಬಿನ ಗುಣ. ಸುಳ್ಯದಲ್ಲಿ ದಸ್ತಾವೇಜು ಬರೆಯುತ್ತೇನೆ. ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಒಂದು ಹಲಸಿನ ಮರಕ್ಕಾಗಿ ಮಾತು ಬಿಡುವುದನ್ನು ನೋಡಿ ನೋಡಿ, ಯಾರಾದರೂ ಸುಮ್ಮನೆ ನಕ್ಕರೂ ಇವನಿಗೆ ಎಂತ ಬೇಕು ಎಂದೇ ಯೋಚಿಸುತ್ತೇನೆ. ಭಾವನ ವಿಷಯದಲ್ಲಂತೂ ಹೆದರಲು ಕಾರಣವೂ ಇತ್ತು. ನಮ್ಮ ರಬ್ಬರ್ ತೋಟಕ್ಕೂ ಅವರ ಮುಳಿಹುಲ್ಲಿನ ಗುಡ್ಡೆಗೂ ನಡುವಿನ ಬೇಲಿಯನ್ನು ನನ್ನ ಅಪ್ಪ ಒಂದು ಬೇಸಗೆಯಲ್ಲಿ ಅವರ ಕಡೆಗೆ ಹನ್ನೆರಡು ಹೆಜ್ಜೆ ಸರಿಸಿ ಹಾಕಿದ್ದರು. ನಿಜವಾದ ಗಡಿಕಲ್ಲು ನಮ್ಮ ರಬ್ಬರ್ ಮರಗಳ ನಡುವೆ ತರಗೆಲೆಯ ಅಡಿಯಲ್ಲಿತ್ತು. ಅದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಾಗಬಾರದು ಎಂಬುದೊಂದೇ ನನ್ನ ಚಿಂತೆ.

ಬಂದು ವಾರವಾಗಿರಲಿಲ್ಲ, ಭಾವ ಗುಡ್ಡೆಯಲ್ಲಿ ಹೆಜ್ಜೆ ಎಣಿಸುತ್ತ ನಡೆಯತೊಡಗಿದರು. ಮರುದಿನ ಅಲ್ಲಲ್ಲಿ ಕೋಲು ಊರಿ ಕೆಂಪು ಬಟ್ಟೆ ಕಟ್ಟಿದರು. ನಮ್ಮ ಕಡೆ ಇದಕ್ಕೆ ಅಳತೆ ಎಂಬ ಒಂದೇ ಅರ್ಥ. ಪಹಣಿಯನ್ನು ಕಂಕುಳಲ್ಲಿಟ್ಟುಕೊಂಡು ಗುಡ್ಡೆ ಹತ್ತಿದೆ. ನಕ್ಷೆಯನ್ನು ಮಾತ್ರ ಮನೆಯಲ್ಲೇ ಬಿಟ್ಟೆ, ಅದರಲ್ಲಿ ಗಡಿಕಲ್ಲಿನ ಗುರುತಿತ್ತು.

ಸರ್ವೆ ಯಾವಾಗ ಎಂದು ಕೇಳಿದೆ. ಅವರು ನಕ್ಕು, ಬಾವುಟದ ಬುಡದಲ್ಲಿ ಹೂತಿಟ್ಟ ಹಾಲುಪುಡಿಯ ಡಬ್ಬಿ ತೋರಿಸಿದರು. ಚೆಂಡು ಬೀಳಬೇಕಾದ ಕುಳಿ ಅದಂತೆ. ಬೊಂಬಾಯಿಯಲ್ಲಿ ಹೋಟೆಲೂ ಇರಲಿಲ್ಲ, ಎಂತದೂ ಇರಲಿಲ್ಲ. ಒಂದು ಕ್ಲಬ್ಬಿನಲ್ಲಿ ದೊಡ್ಡವರ ಗಾಲ್ಫ್ ಚೀಲ ಹೊರುತ್ತಿದ್ದರಂತೆ. ಭುಜದ ಸಂಶಯ ತೀರಿತು, ಗುಡ್ಡೆಯದ್ದು ತೀರಲಿಲ್ಲ. ಮುಳಿಗುಡ್ಡೆಯಲ್ಲಿ ಗಾಲ್ಫ್ ಎಂದರೆ ಯಾರು ನಂಬುತ್ತಾರೆ?

ಅವರ ಮೇಲೆ ಕಣ್ಣಿಡಲೆಂದೇ ನಾನು ಆಟ ಕಲಿಯಲು ಒಪ್ಪಿದೆ. ಚೆಂಡು ಹೊಡೆಯುವ ಕೋಲು ಹಿಡಿಯುವುದಕ್ಕೇ ಎರಡು ಭಾನುವಾರ ಬೇಕಾಯಿತು. ನಾನು ಕತ್ತಿ ಹಿಡಿದಂತೆ ಬಿಗಿ ಹಿಡಿದರೆ, ಅವರು ಒಂದೊಂದೇ ಬೆರಳು ಸಡಿಲಿಸಿ, ಮೂಲೆ ಕತ್ತರಿಸಿದ ಹಾಲಿನ ಪ್ಯಾಕೆಟ್ ಹಿಡಿದ ಹಾಗೆ ಹಿಡಿಯಬೇಕು ಎನ್ನುತ್ತಿದ್ದರು. ಬೀಸಿದರೆ ಕೋಲು ನೆಲದ ಮುರಕಲ್ಲಿಗೆ ಬಡಿದು ಮೊಣಕೈ ತನಕ ಝುಮ್ಮೆನ್ನುತ್ತಿತ್ತು, ಚೆಂಡು ಇದ್ದಲ್ಲೇ ಇರುತ್ತಿತ್ತು. ರಬ್ಬರ್ ಟ್ಯಾಪಿಂಗಿಗೆ ಬರುವ ಹೆಂಗಸು ಬೇಲಿಯ ಹತ್ತಿರ ನಿಂತು ನೋಡಿ, ಹಾವು ಸತ್ತಿತಾ ಎಂದು ವಿಚಾರಿಸಿದ್ದಳು.

ಭಾವ ದಿನಕ್ಕೆ ನೂರು ಸಲ ಹೇಳುತ್ತಿದ್ದದ್ದು ಒಂದೇ ಮಾತು, ತಲೆ ಎತ್ತಬೇಡಿ. ಹೊಡೆಯುವ ಮೊದಲೇ ತಲೆ ಎತ್ತುವುದು ಹೊಸಬರೆಲ್ಲರ ತಪ್ಪಂತೆ. ಅವರೆಲ್ಲ ಚೆಂಡು ಎಲ್ಲಿಗೆ ಹೋಯಿತೆಂದು ನೋಡಲು ಎತ್ತುತ್ತಾರೆ. ನಾನು ಎತ್ತುತ್ತಿದ್ದದ್ದು ಭಾವ ಬೇಲಿಯ ಕಡೆ ನೋಡುತ್ತಿದ್ದಾರೆಯೇ ಎಂದು ತಿಳಿಯಲು. ಒಂದು ದಿನ ಅವರು ಮೆಲ್ಲನೆ ಹೇಳಿದರು, "ನೀವು ಚೆಂಡು ನೋಡುದೇ ಇಲ್ಲ ಭಾವ. ನನ್ನನ್ನು ನೋಡ್ತೀರಿ."

ಎರಡು ತಿಂಗಳಾದ ಮೇಲೆ ಒಮ್ಮೆ ನನ್ನ ಹೊಡೆತ ಹೇಗೋ ಸರಿಯಾಗಿ ತಾಗಿ, ಚೆಂಡು ಬೇಲಿಯ ಬುಡದ ಪೊದೆಗೆ ಹೋಗಿ ಬಿತ್ತು. ಅಲ್ಲಿಂದ ಹೊಡೆಯುವುದು ನನ್ನಿಂದಾಗದ ಮಾತು. ಭಾವ ಇನ್ನೂ ದೂರ ಹಿಂದಿದ್ದಾರೆಂದುಕೊಂಡು ಚೆಂಡನ್ನು ಕಾಲಿನಿಂದ ಬಯಲಿಗೆ ತಳ್ಳಿದೆ. ತಿರುಗಿದರೆ ಅವರು ಹತ್ತಿರವೇ, ಗುಡ್ಡೆಯ ಇನ್ನೊಂದು ಬದಿಗೆ ಮುಖ ಮಾಡಿ ನಿಂತಿದ್ದರು. ಅಲ್ಲಿ ಎಂತ ಉಂಟು ಎಂದು ಕೇಳಿದೆ.

"ಎಂತದೂ ಇಲ್ಲ. ಸಾಹೇಬರು ಕಾಲಲ್ಲಿ ಚೆಂಡು ಸರಿಸುವಾಗ ಚೀಲದವರು ಬೇರೆ ಕಡೆ ನೋಡ್ಬೇಕು, ಅದೊಂದು ಅಭ್ಯಾಸ. ಆದ್ರೆ ಚೆಂಡು ಬಿದ್ದಲ್ಲಿಂದಲೇ ಹೊಡೀಬೇಕು ಭಾವ, ಆಟ ಇರುದೇ ಹಾಗೆ." ಬೇಲಿಯ ಕಡೆ ಗದ್ದ ಎತ್ತಿ ತೋರಿಸಿದರು. "ಇದನ್ನೂ ಬಂದ ವಾರವೇ ನಡೆದು ನೋಡಿದ್ದೆ. ಹನ್ನೆರಡು ಹೆಜ್ಜೆ. ನೀವಾಗಿ ಹೇಳ್ತೀರಿ ಅಂತ ಕಾಯ್ತಾ ಇದ್ದೇನೆ."

ಕೋಲು ಅವರ ಕೈಗಿತ್ತು ಮನೆಗೆ ಬಂದೆ. ಇನ್ನು ನೋಟೀಸು ಬರುತ್ತದೆಂದು ದರ್ಬೆ ಪೇಟೆಯ ವಕೀಲರೊಬ್ಬರನ್ನು ಕಂಡು ಬಂದೆ, ದಿನವೂ ಅಂಚೆಯವನ ದಾರಿ ಕಾದೆ. ನೋಟೀಸು ಬರಲಿಲ್ಲ. ಭಾನುವಾರ ಬೇಲಿಯಾಚೆಯಿಂದ ಬರುವುದಿಲ್ಲವಾ ಎಂಬ ಎಂದಿನ ಕೂಗು ಬಂತು. ಹೋದೆ. ಆ ಸುದ್ದಿಯನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಮೌನದ ಹಿಂದೆಯೂ ಏನೋ ಹೂಟ ಇದೆ ಎಂದೇ ಎರಡು ವರ್ಷ ಅವರೊಡನೆ ಆಡಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ವರ್ಷ ಎದೆನೋವು ಬಂದು ಅವರು ತೀರಿಕೊಂಡರು. ತಿಂಗಳ ಬಳಿಕ ಬೊಂಬಾಯಿಯಲ್ಲಿರುವ ಅವರ ಮಗಳು ಸುಳ್ಯಕ್ಕೆ ನನ್ನಲ್ಲಿಗೆ ಬಂದಳು. ಗುಡ್ಡೆಯಲ್ಲಿ ತನ್ನ ಪಾಲಿನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರ ಬರೆಸಬೇಕಿತ್ತು. ಚಕ್ಕುಬಂದಿ ಬರೆಯುವಾಗ ನಾಲ್ಕು ದಿಕ್ಕಿನ ಗಡಿ ಬೇಕು. ಇವಳಿಗೆ ಎಷ್ಟು ಗೊತ್ತಿರಬಹುದು ಎಂಬ ಹಳೆಯ ಸಂಶಯದಿಂದಲೇ ನಮ್ಮ ತೋಟವಿರುವ ಪಶ್ಚಿಮಕ್ಕೆ ಎಂತ ಬರೆಯಲಿ ಎಂದು ಕೇಳಿದೆ.

"ನನಗೆ ಗೊತ್ತಿಲ್ಲ ಮಾವ. ಗಡಿ ಎಲ್ಲಿ ಅಂತ ನಿಮ್ಮತ್ರ ಕೇಳಿದ್ರೆ ಸಾಕು, ಬೇರೆ ಯಾರತ್ರವೂ ಕೇಳುದು ಬೇಡ ಅಂತ ಅಪ್ಪ ಹೇಳಿದ್ರು."

ಬೇಲಿ ಎಂದು ಬರೆಯಲಿಲ್ಲ. ರಬ್ಬರ್ ಮರಗಳ ನಡುವಿನ ಗಡಿಕಲ್ಲು ಎಂದು ಬರೆದೆ. ಅವಳು ನನ್ನನ್ನೇ ನೋಡುತ್ತಿದ್ದಾಳೆಯೇ ಎಂದು ತಿಳಿಯಲು ತಲೆ ಎತ್ತಲಿಲ್ಲ.