ಎಡಗಿವಿಯ ಅಚ್ಚು

ತೀರಿಕೊಂಡಾಗ ಪ್ರಾಣೇಶನಿಗೆ ಐವತ್ತು ದಾಟಿತ್ತು. ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರಲ್ಲಿ ಅವನ ಅಂಗಡಿ. ಇಬ್ಬರು ಕೂತರೆ ಮೂರನೆಯವನು ಹೊರಗೇ ನಿಲ್ಲಬೇಕು. ಅಪ್ಪ ಕಲಬುರಗಿ ಕಡೆಯಿಂದ ಬಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಗನೂ ಅಲ್ಲೇ ಸೇರಲೆಂದು ಆಸೆಪಟ್ಟರು. ಮಗ ಹಾರ್ಮೋನಿಯಂ ಬಿಚ್ಚಿಕೊಂಡು ಕೂತ. ಒಳಗಿನ ಹಿತ್ತಾಳೆಯ ಪಟ್ಟಿಗಳನ್ನು ಅರದಿಂದ ಕೂದಲೆಳೆಯಷ್ಟು ಕೆರೆದು, ಊದಿ ನೋಡಿ, ಮತ್ತೆ ಕೆರೆದು ಸ್ವರ ಕೂಡಿಸುವುದು ಅವನ ಕಸುಬು. ಎರಡು ಪಟ್ಟಿಗಳು ಒಟ್ಟಿಗೆ ನುಡಿದಾಗ ನಡುವೆ ಒಂದು ಸಣ್ಣ ನಡುಕ ಏಳುತ್ತದೆ. ಅದು ನಿಂತರೆ ಸ್ವರ ಕೂಡಿತು. ಆ ನಡುಕ ಕೇಳಿಸದವನಿಗೆ ಆ ಅಂಗಡಿಯಲ್ಲಿ ಕೆಲಸವಿಲ್ಲ.

ಮದುವೆಯ ಕಾಲ ಬಂತೆಂದರೆ ಮಾತ್ರ ಅವನು ಗೆಳೆಯ ಕಲ್ಲೇಶನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಲು ಹೋಗುತ್ತಿದ್ದ. ಬರಾತಿನ ಮೆರವಣಿಗೆಯ ಮುಂದೆ ತೆವಳುವ ವ್ಯಾನು, ಅದರ ಮೇಲೆ ಆಳೆತ್ತರದ ಸ್ಪೀಕರುಗಳು, ಅವುಗಳ ನಡುವೆ ಇವರು. ಕೊರೊನಾ ಮುಗಿದು ತಡೆದಿದ್ದ ಮದುವೆಗಳೆಲ್ಲ ಒಮ್ಮೆಲೇ ನಡೆದ ವರ್ಷ, ಅವನ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ತಾರ್ನಾಕದ ಸಂಗೀತದ ಮೇಷ್ಟ್ರೊಬ್ಬರು ಅವನು ಕೂಡಿಸಿಕೊಟ್ಟ ಪೆಟ್ಟಿಗೆಯನ್ನು ವಾಪಸು ತಂದು, ಮೇಲಿನ ಷಡ್ಜ ಕೂಡಿಲ್ಲವೆಂದರು. ಪ್ರಾಣೇಶ ಪಟ್ಟಿ ಊದಿದ. ಅವನಿಗೆ ಸರಿಯಾಗಿಯೇ ಕೇಳಿಸಿತು. ಅಂದು ಅವನು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬಂದ.

"ಏನ್ರಿ, ಅಡಗಿಮನಿಯಿಂದ ಒದರಿ ಒದರಿ ನನ್ನ ಗಂಟಲ ಹೋತು," ಅಂದಳು ಹೆಂಡತಿ ಮಂದಾಕಿನಿ. "ಕಿವಿ ಏನ್ ಕಲ್ಲೇಶಣ್ಣನ ಕಡೆ ಒತ್ತಿ ಇಟ್ಟ ಬಂದೀರೇನು?"

ಅವಳೇ ಅವನನ್ನು ಶ್ರೀವಿದ್ಯಾಳ ಬಳಿಗೆ ಕಳಿಸಿದವಳು. ಭಜನಾ ಮಂಡಳಿಯ ಗೆಳತಿಯ ಮಗಳು, ಕಿವಿಯ ಕ್ಲಿನಿಕ್ಕಿನಲ್ಲಿ ಕೆಲಸ. ಹತ್ತಿ ತುರುಕಿಕೊಂಡರೆ ಸ್ವರವೇ ಮಂಕಾಗುತ್ತದೆ. ಕಿವಿಯದೇ ಅಚ್ಚು ತೆಗೆದು ಮಾಡಿದ ಬಿರಡೆ ಹಾಕಿಕೊಂಡರೆ ಸದ್ದಷ್ಟೇ ತಗ್ಗುತ್ತದೆ, ಸ್ವರ ಕೆಡುವುದಿಲ್ಲ ಎಂದು ಆ ಹುಡುಗಿ ಫೋನಿನಲ್ಲಿ ಹೇಳಿದ್ದಳು. ಹೊರಡುವಾಗ ಮಂದಾಕಿನಿ ಇನ್ನೊಂದು ಮಾತನ್ನೂ ತೆಗೆದುಕೊಂಡಳು: ಇಂದಿನಿಂದ ಜರ್ದಾ ಪಾನ್ ಬಂದ್. ಪ್ರಾಣೇಶ ಒಪ್ಪಿದ. ಮನಸ್ಸಿನಿಂದಲೇ ಒಪ್ಪಿದ್ದ. ಆದರೆ ಕ್ಲಿನಿಕ್ಕಿನ ಕೆಳಗೇ ಪಾನ್ ಡಬ್ಬಾ ಇತ್ತು. ಇದೇ ಕೊನೆಯದು ಎಂದುಕೊಂಡು ಒಂದನ್ನು ಹಾಕಿಕೊಂಡು ಮೆಟ್ಟಿಲು ಹತ್ತಿದ. ಹತ್ತಿದ ಕೂಡಲೇ ಒಳಗೆ ಕರೆದರು. ಸುತ್ತ ಬಿಳಿ ಗೋಡೆ, ಉಗುಳಲು ಜಾಗವಿಲ್ಲ. ಪಾನನ್ನು ಎಡಗೆನ್ನೆಗೆ ಒತ್ತಿ, ಹಲ್ಲು ಕಚ್ಚಿ ಕೂತ.

"ಕಾಕಾ, ಬಾಯಾಗ ಏನೂ ಇಲ್ಲಲ್ರಿ? ಅಚ್ಚು ಗಟ್ಟಿ ಆಗೂತನಕ ದವಡಿ ಅಲ್ಲಾಡಿಸಬ್ಯಾಡ್ರಿ ಮತ್ತ."

ಇಲ್ಲವೆಂದು ಕೈ ಆಡಿಸಿದ. ಮಾಸ್ಕ್ ಕಟ್ಟಿಕೊಂಡಿದ್ದ ಹುಡುಗಿಗೆ ವಾಸನೆ ಹತ್ತಲಿಲ್ಲ. ಬೇರೆ ಯಾರಾಗಿದ್ದರೂ ಹೌದೆಂದು ನಕ್ಕುಬಿಡುತ್ತಿದ್ದನೇನೋ. ನಮ್ಮವರ ಹುಡುಗಿ, ಇವಳಿಗೆ ತಿಳಿದದ್ದು ಸಂಜೆಯೊಳಗೆ ಭಜನೆಯ ಚಾಪೆಯ ಮೇಲೆ ಮಂದಾಕಿನಿಗೆ ತಿಳಿಯುತ್ತದೆ. ತಣ್ಣನೆಯ ಹಿಟ್ಟಿನಂಥದ್ದು ಕಿವಿಯೊಳಗೆ ಇಳಿದು ಗಟ್ಟಿಯಾಯಿತು, ಉಬ್ಬಿದ ಕೆನ್ನೆಯ ಒತ್ತನ್ನೂ ಹಿಡಿದುಕೊಂಡು.

ಬಿರಡೆಗಳು ಬಂದವು. ಬಲದ್ದು ಅವನ ಮೈಯದೇ ತುಣುಕೆಂಬಂತೆ ಕೂತಿತು. ಎಡದ್ದು ಸಡಿಲ, ವ್ಯಾನು ಹೊರಟರೆ ಸದ್ದು ಆ ಸಂದಿನಿಂದಲೇ ನುಗ್ಗುತ್ತಿತ್ತು. ಒಂದು ಮದುವೆಯಲ್ಲಿ ಬೀಗರ ಕಡೆಯವರು ಬ್ಯಾಂಡಿನವರ ಮುಂದೆ ಪಾನಿನ ತಟ್ಟೆ ಹಿಡಿದರು. ಬೇಡವೆನ್ನಲಾಗದೆ ಒಂದನ್ನು ಎಡಗೆನ್ನೆಗೆ ಒತ್ತಿಕೊಂಡ. ಎಡದ ಬಿರಡೆ ಬಿಗಿದು ಕೂತಿತು. ಏನಾಗಿದೆ ಎಂದು ಆಗ ಅವನಿಗೆ ಹೊಳೆಯಿತು. ಕಲ್ಲೇಶನೊಬ್ಬನಿಗೆ ಹೇಳಿದ.

"ಹೋಗಿ ಮತ್ತ ಅಚ್ಚು ತಗಸಲೇ, ಪ್ರಾಣ್ಯಾ."

"ಆ ಹುಡುಗಿ ಮುಂದ ಏನಂತ ಹೇಳ್ಲಿ? ಖೊಟ್ಟಿ ಹೇಳಿದ್ದೆ ಅಂತೇನು?"

"ಹಂಗಾರ ಬಾಯಾಗ ಲವಂಗ ಇಟ್ಕೋ."

"ಲವಂಗಕ್ಕ ಕೆನ್ನಿ ಉಬ್ಬತೈತೇನಲೇ?"

"ನಿಮ್ಮ ಮಂದಾಕಿನಿ ಅಕ್ಕನ ಕೈಯಾಗ ಸಿಕ್ಕರ ಉಬ್ಬತೈತಿ ತಗೋ," ಎಂದು ಕಲ್ಲೇಶ ನಕ್ಕ. ಇಬ್ಬರೂ ನಕ್ಕರು.

ಮನೆಯಲ್ಲಿ, ಎಡದ ಬಿರಡೆ ಸರಿ ಕೂರುವುದಿಲ್ಲವೆಂದಷ್ಟೇ ಹೇಳಿದ. ಸೀಸನ್ ಮುಗಿಯಲಿ, ಹೊಸದು ಮಾಡಿಸುತ್ತೇನೆ ಅಂದ. ಸೀಸನ್ ಮುಗಿಯಿತು, ಇನ್ನೊಂದು ಬಂತು. ವ್ಯಾನಿನ ಮೇಲೆ ಮಾತ್ರ ಎಂದುಕೊಂಡಿದ್ದ ಪಾನ್, ವ್ಯಾನು ಹತ್ತುವ ಮೊದಲೂ ಬಂತು, ಇಳಿದ ಮೇಲೂ ಬಂತು, ಆಮೇಲೆ ಅಂಗಡಿಗೂ ಬಂತು. ಅಚ್ಚಿನದೇನೂ ತಪ್ಪಿರಲಿಲ್ಲ, ಜರ್ದಾದ ಕೆಲಸ ಜರ್ದಾ ಮಾಡಿತು. ಆದರೆ ಬಿಡಲು ಹೊರಟಿದ್ದ ಮನುಷ್ಯನಿಗೆ ಬಿಡದಿರಲು ಒಂದು ಒಳ್ಳೆಯ ಕಾರಣ ಸಿಕ್ಕಿಬಿಟ್ಟಿತ್ತು. ಕಿವಿಯ ಸಲುವಾಗಿ ತಿನ್ನುತ್ತೇನೆ ಎಂದು ಅವನು ನಂಬಿದ. ನಂಬುವುದಕ್ಕೆ ಸಾಕ್ಷಿಯೂ ಇತ್ತು: ಗುಂಯ್ ಸದ್ದು ದಿನೇ ದಿನೇ ತಗ್ಗಿತು, ಪಟ್ಟಿಗಳ ನಡುವಿನ ನಡುಕ ಮತ್ತೆ ಕೇಳಿಸಿತು, ತಾರ್ನಾಕದ ಮೇಷ್ಟ್ರು ಮತ್ತೆ ಅವನ ಅಂಗಡಿಗೇ ಬಂದರು.

ಎಡಗೆನ್ನೆಯ ಒಳಗೆ ಮೊದಲು ಬಿಳಿ ಮಚ್ಚೆ, ಆಮೇಲೆ ಹುಣ್ಣು. ಸಾರು ತಾಗಿದರೆ ಉರಿ. ಬಾಯಿ ಅಗಲಿಸಲಾಗದೆ ರೊಟ್ಟಿಯನ್ನು ಚೂರು ಮಾಡಿ ಮಜ್ಜಿಗೆಯಲ್ಲಿ ನೆನೆಸಿ ತಿನ್ನತೊಡಗಿದಾಗ ಮಂದಾಕಿನಿ ಅವನ ತೋಳು ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಎಡ ದವಡೆ, ಜೊತೆಗೆ ನಾಲಿಗೆಯ ಒಂದು ಭಾಗ ತೆಗೆಯಬೇಕೆಂದರು.

ಆಪರೇಷನ್ನಿನ ಹಿಂದಿನ ದಿನ ಅವನು ಹೇಳಿದ, "ಮಂದಾ, ಒಂದು ಮಾತೈತಿ. ನಾಳಿಂದ ಹೇಳಾಕ ಆಗೂದಿಲ್ಲ."

"ನಿಧಾನಕ್ಕ ಮಾತು ಬರತೈತಂತ ಅಂದಾರ್ರಿ."

"ಆ ಹುಡುಗಿ ಅಚ್ಚು ಬರೋಬ್ಬರಿ ತಗದಿದ್ಲು. ನನ್ನ ಬಾಯಾಗ ಪಾನ್ ಇತ್ತು."

ಮಂದಾಕಿನಿ ಅವನನ್ನೇ ನೋಡಿದಳು. "ತಿನ್ನೂದು ಗೊತ್ತಿತ್ರಿ ನನಗ. ಅಂಗಿ ಕಿಸೆ ಒಗ್ಯಾಕಿ ನಾನ ಅಲ್ಲೇನು? ಹೇಳಿ ಹೇಳಿ ಬ್ಯಾಸತ್ತು ಬಿಟ್ಟೆ. ಆದರ ಆ ಹುಡುಗೀಗೆ ಕೆಲಸ ಬರೂದಿಲ್ಲ ಅಂತ ಮಂಡಳಿಯಾಗ ಎಲ್ಲಾರ ಮುಂದ ಅಂದಿದ್ದೆ. ಅವರವ್ವ ನನ್ನ ಕೂಡ ಮಾತು ಬಿಟ್ಟು ಎರಡು ವರ್ಷಾತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಗಲೇ ಹೇಳಿದ್ದರ ನಾ ಏನ್ ನಿಮ್ಮನ್ನ ಕೊಂದ ಹಾಕ್ತಿದ್ನೇನ್ರಿ?"

ಆಪರೇಷನ್ ಆಯಿತು. ಮಾತು ಬರಲಿಲ್ಲ. ಕೆಲವು ತಿಂಗಳಲ್ಲಿ ಕುತ್ತಿಗೆಯಲ್ಲಿ ಗಂಟು ಎದ್ದು ಮತ್ತೆ ಅದೇ ವಾರ್ಡು. ಒಂದು ಮಧ್ಯಾಹ್ನ ಡಾಕ್ಟರು ಮಂದಾಕಿನಿಯನ್ನು ಬಾಗಿಲಾಚೆ ಕರೆದು ತೆಲುಗಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದೊಯ್ದರೂ ಆದೀತು ಎಂದು. ಹಾಸಿಗೆಯಲ್ಲಿದ್ದ ಪ್ರಾಣೇಶನಿಗೆ ಒಂದೊಂದು ಅಕ್ಷರವೂ ಕೇಳಿಸಿತು.

ಅವಳು ನಗುತ್ತ ಒಳಗೆ ಬಂದಳು. "ಗಾಯ ಒಣಗಾಕತ್ತೈತಂತ್ರಿ. ದಸರಾಕ್ಕ ಮನ್ಯಾಗ ಇರ್ತೀರಂತ." ಬಿಸಿನೀರು ತರುತ್ತೇನೆಂದು ಫ್ಲಾಸ್ಕ್ ಎತ್ತಿಕೊಂಡು ಹೊರಟಳು.

ಚಪ್ಪಲಿಯ ಸದ್ದು ಲಿಫ್ಟ್ ದಾಟಿತು, ಕಾರಿಡಾರಿನ ಕೊನೆ ಮುಟ್ಟಿತು. ಅಲ್ಲಿ ನಲ್ಲಿ ತಿರುಗಿಸಿದಳು. ನೀರು ಜೋರಾಗಿ ಬೀಳತೊಡಗಿತು, ಅದರ ಕೆಳಗೆ ಅವಳ ಅಳು. ಎರಡನ್ನೂ ಬೇರೆ ಮಾಡಿ ಕೇಳುವುದು ಅವನಿಗೆ ಕಷ್ಟವಾಗಲಿಲ್ಲ. ನಲ್ಲಿ ನಿಲ್ಲುವವರೆಗೂ ಕೇಳಿಸಿಕೊಂಡ.

ಅವಳು ಮರಳಿದಾಗ ಕಣ್ಣು ಮುಚ್ಚಿದ್ದ. ಫ್ಲಾಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅದು ಖಾಲಿಯಿದೆ ಎಂದು ಇಟ್ಟ ಸದ್ದಿನಿಂದಲೇ ಅವನಿಗೆ ತಿಳಿಯಿತು.