ಪಂಪಿಗೆ ಹಚ್ಚಿದ ಕೆಂಪು ಅಂಟು

ಆ ದಿನ ನಾನು ಮಾಡಿದ ಕೆಲಸಗಳು ಇಷ್ಟು. ನಳದ ನೀರು ನಿಲ್ಲುವ ಮೊದಲೇ ಹಂಡೆ, ಬಕೀಟು ತುಂಬಿಸಿದೆ. ಅಂಗಳ ಗುಡಿಸಿದೆ, ಅರ್ಧ ಮಾತ್ರ. ಉಳಿದರ್ಧದಲ್ಲಿ ಬೋಟು ನಿಂತಿತ್ತು. ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಮೆಂತ್ಯೆ ಸೊಪ್ಪು ಸೋಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಆಮೇಲೆ ಹಳೆಯ ಸೀರೆ ಉಟ್ಟು, ಬೋಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬ್ಯಾಟರಿಯ ಬೆಳಕು ಹಿಡಿದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಧಾರವಾಡ ಕಡೆಯಿಂದ ಬಂದ ನಾವು ಪುಣೆಯ ಅಂಚಿನಲ್ಲಿ, ಧಾಯರಿಯಲ್ಲಿ, ಮೈದುನನ ಸಂಸಾರದ ಜೊತೆ ಒಂದೇ ಮನೆಯಲ್ಲಿದ್ದೆವು. ಒಲೆಯೂ ಒಂದೇ. ನಮ್ಮ ಮನೆಯವರಿಗೆ ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಅಣ್ಣತಮ್ಮ ಕೂಡಿ ಹಳೆಯದೊಂದು ಜೆಟ್ ಬೋಟು ಕೊಂಡಿದ್ದರು. ರಜೆಯ ದಿನ ಪಾನಶೇತ ಕಡೆಯ ಹಿನ್ನೀರಿನಲ್ಲಿ ಜನರನ್ನು ಕೂಡಿಸಿಕೊಂಡು ಸುತ್ತಿಸುವುದು. ಬೋಟು ನಡೆಸುವವನು ಮೈದುನ, ರಿಪೇರಿ ಇವರದು. ಈ ಬೋಟಿಗೆ ಹೊರಗೆ ತಿರುಗುವ ರೆಕ್ಕೆ ಇರುವುದಿಲ್ಲ. ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಎಳೆದು, ಒಳಗಿನ ಪಂಪಿನಿಂದ ಹಿಂದಕ್ಕೆ ರಭಸವಾಗಿ ಉಗುಳುತ್ತದೆ. ಆ ನೂಕಿಗೆ ಮುಂದೆ ಓಡುತ್ತದೆ. ಹಿಂದಿನ ರವಿವಾರ ಎಂಜಿನ್ನು ಚೀರುತ್ತಿತ್ತು, ಬೋಟು ಮಾತ್ರ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತ್ತು. ಪಂಪಿನಲ್ಲಿ ಏನೋ ಸಿಕ್ಕಿದೆ ಎಂದು ಗಾಡಿಗೆ ಕಟ್ಟಿ ಮನೆಗೆ ತಂದಿದ್ದರು. ದೀಪಾವಳಿ ರಜೆ ಎದುರಿಗಿತ್ತು.

ಮೈದುನನನ್ನು ಪಂಪಿನ ಸಂದು ಮುಚ್ಚುವ ಹೊಸ ಅಂಟು ತರಲು ಪೇಟೆಗೆ ಕಳಿಸಿ, ಇವರು ಪಾನಾ ಹಿಡಿದು ಕೂತರು. ಒಂದೊಂದೇ ಬೋಲ್ಟು ಬಿಚ್ಚಿ ನನ್ನ ಪರಾತಕ್ಕೆ ಹಾಕಿದರು. ಹಿಂದಿನ ಮೂತಿ ಕಳಚಿ, ಪಂಪಿನ ಮನೆಯನ್ನು ಅಲ್ಲಾಡಿಸಿ ಹೊರಗೆಳೆದರು. ಎಳೆದವರು ಅಂಚಿಗೆ ಹಚ್ಚಿದ ಅಂಟಿನ ಮೇಲೆ ಬೆರಳಾಡಿಸಿದರು.

"ಬ್ಯಾಟರಿ ಇಲ್ಲಿ ಬಿಡು. ಇದು ಯಾವ ಬಣ್ಣ?"

"ಕೆಂಪ್ ಅದರಿ."

"ನಾ ಹಚ್ಚಿದ್ದು ಕರೀ ಅಂಟು. ಯಾರೋ ಬಿಚ್ಚಿ ಮತ್ತ ಕೂಡಿಸ್ಯಾರ."

ಯಾರೋ ಎಂದರೆ ಯಾರು ಎಂದು ಕೇಳಬೇಕಾಗಿರಲಿಲ್ಲ. ಬೋಟಿನ ಕೀಲಿ ಇದ್ದದ್ದು ಇಬ್ಬರ ಬಳಿ ಮಾತ್ರ. ಇವರು ದನಿ ತಗ್ಗಿಸಿದರು. "ಆ ರವಿವಾರಕಿಂತ ಮೊದಲಿನ ಮಂಗಳವಾರ ಹೆಂಡ್ತೀನ ಕರಕೊಂಡು ಸಾಸವಡಕ್ಕ ಹೋಗಿದ್ದೆ ಅಂದ. ಸಾಸವಡದಾಗ ಏನದ ಇವಂದು? ಬ್ಯಾರೆ ಯಾರಿಗೋ ಬೋಟ್ ಕೊಟ್ಟಾನ. ಮೊನ್ನೆಮೊನ್ನೆ ಮನಿಗೆ ಬರಾಕ ಹತ್ತಿದ ಆ ದೋಸ್ತನ ಕೂಡ ಬ್ಯಾರೆ ಧಂದೆ ಹೂಡೋ ವಿಚಾರ ಇರಬೇಕು. ದೀಪಾವಳಿ ಮುಗೀಲಿ, ನಾವೂ ಬ್ಯಾರೆ ಆಗೋಣು. ಒಲೀನೂ ಬ್ಯಾರೆ."

ನಾನು ಹಿಂತಿರುಗಿ ನೋಡಿದೆ. ಹತ್ತು ಹೆಜ್ಜೆ ಆಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೆಗೆಣ್ಣಿ, ಮೈದುನನ ಹೆಂಡತಿ, ಒಂದೇ ಟಾವೆಲ್ಲನ್ನು ಮತ್ತೆ ಮತ್ತೆ ಹಿಂಡುತ್ತಿದ್ದಳು. ಅಷ್ಟು ಹಿಂಡುವಂಥದ್ದು ಅದರಲ್ಲಿ ಏನಿತ್ತು? ಅವಳಿಗೂ ಎಲ್ಲ ಗೊತ್ತಿದೆ, ಗಂಡಹೆಂಡತಿ ಸೇರಿಯೇ ಏನೋ ನಡೆಸಿದ್ದಾರೆ ಎಂದು ನನಗೂ ಅನ್ನಿಸತೊಡಗಿತು.

ಮೈದುನ ಕರಿಯ ಅಂಟಿನ ಟ್ಯೂಬು ಹಿಡಿದು ಬಂದ. ಇವರು ತಲೆ ಎತ್ತದೆ ಕೇಳಿದರು, "ಇದನ್ನ ಯಾರು ಬಿಚ್ಚಿದ್ರೋ?"

"ಯಾರ್ ಬಿಚ್ಚತಾರಣ್ಣ? ನೀನ ಬಿಚ್ಚಿರಬೇಕು, ಮರ್ತಿ."

"ನನಗ ಮರವು ಬಂದದ. ಅಂಟಿಗೂ ಬಂತೇನು, ತನ್ನ ಬಣ್ಣ ಮರಿಯಾಕ?"

ಅವನು ನನ್ನ ಮುಖ ನೋಡಿದ. "ವೈನಿ, ಚಾ ಅದ ಏನ್ರಿ?" ಎಂದ. ಅವನಿಗೆ ಚಹಾ ಬೇಕಾಗಿರಲಿಲ್ಲ, ನಾನು ಅಲ್ಲಿಂದ ಏಳಬೇಕಾಗಿತ್ತು. ನಾನು ಏಳಲಿಲ್ಲ.

ಇವರು ಕೊಕ್ಕೆ ಮಾಡಿದ ತಂತಿಯನ್ನು ಪಂಪಿನ ಗಾಲಿಯ ಎಸಳುಗಳ ನಡುವೆ ತೂರಿಸಿದರು. ಮೊದಲು ಜೊಂಡು ಬಂತು. ಪ್ಲಾಸ್ಟಿಕ್ ಚೀಲದ ಚೂರು ಬಂತು. ತೆಂಗಿನ ನಾರು ಬಂತು. ಆಮೇಲೆ ಏನೋ ಬಿಗಿಯಾಗಿ ಸುತ್ತಿಕೊಂಡದ್ದು. ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತ, ಪಕ್ಕಡದಿಂದ ಜಗ್ಗುತ್ತ ಅದನ್ನು ಬಿಡಿಸಿದರು. ಹಸಿರು ಬಟ್ಟೆಯ ಪಟ್ಟಿ, ಅಂಚಿಗೆ ಕೆಂಪು. ನಮ್ಮ ಕಡೆಯ ಖಣ. ಕುಬಸ ಹೊಲಿಸುವ ಬಟ್ಟೆ.

ಇವರ ಮುಖ ಕಪ್ಪಿಟ್ಟಿತು. "ಯಾವ ಹೆಂಗಸನ್ನ ಕೂಡಿಸಿಕೊಂಡು ಹೋಗಿದ್ದಿ? ಹೇಳು."

ಮೈದುನ ಬಾಯಿ ತೆರೆಯುವುದರೊಳಗೆ ಒಗೆಯುವ ಕಲ್ಲಿನ ಕಡೆಯಿಂದ ಟಾವೆಲ್ಲು ಬಿದ್ದ ಸಪ್ಪಳ. ನೆಗೆಣ್ಣಿ ಒದ್ದೆ ಕೈಯಲ್ಲೇ ಸೆರಗು ಹೊದ್ದು ಬಂದು ನಿಂತಳು.

"ನನ್ನ ಕೂಡಿಸಿಕೊಂಡು ಹೋಗಿದ್ರು, ಭಾವಾರ. ಆ ಖಣ ನಾ ಗಂಗವ್ವಗ ಕೊಟ್ಟದ್ದರಿ."

ಮಂಗಳವಾರ ಅವರು ಸಾಸವಡಕ್ಕೆ ಹೋಗಿರಲಿಲ್ಲ. ಹೊಸ ಹಂಗಾಮು ಸುರುವಾಗುವ ಮೊದಲು ನೀರಿಗೆ, ಗಂಗವ್ವನಿಗೆ, ಉಡಿ ತುಂಬಬೇಕೆಂದು ಅವಳು ಹಟ ಹಿಡಿದಿದ್ದಳು. ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣ ಕುಂಕುಮ ತೆಗೆದುಕೊಂಡು ನಡುನೀರಿಗೆ ಹೋಗಿ, ಬೋಟಿನ ಹಿಂಬದಿಯಿಂದ ಬಿಟ್ಟಿದ್ದಳು. ಎಂಜಿನ್ನು ಸುರುವಿತ್ತು. ಕಾಯಿ ತೇಲಿಹೋಯಿತು. ಖಣ ಮುಳುಗುತ್ತ ಜಾಲರಿಯ ಕಡೆಗೆ ಹೋಯಿತು.

"ಉಡಿ ತುಂಬಾಕ ನೀರಿನ ದಂಡಿ ಇರಲಿಲ್ಲೇನವಾ?" ಎಂದರು ಇವರು.

"ದಂಡೀ ಮ್ಯಾಲ ಹೊಲಸು ಭಾಳ ಇತ್ತರಿ."

"ಹೋಗ್ಲಿ, ಮುಂದ ಕುಂತು ಬಿಡಬೇಕಿತ್ತು."

"ಮುಂದ ಗಾಳಿರಿ. ಕುಂಕುಮ ಎಲ್ಲಾ ಇವರ ಮೀಸಿಗೆ ಹತ್ತಿತ್ತು."

ನನಗೆ ನಗು ಬಂತು. ಬಾಯಿಗೆ ಸೆರಗು ಹಚ್ಚಿಕೊಂಡೆ. ಇವರು ನಗಲಿಲ್ಲ.

ಮೈದುನ ಆಗ ಬಾಯಿಬಿಟ್ಟ. ದಡಕ್ಕೆ ಬಂದು ತಾನೇ ಬಿಚ್ಚಿದ್ದ. ಕೈಗೆ ಸಿಕ್ಕಷ್ಟು ಕಿತ್ತು, ರಸ್ತೆಯ ಮೇಲಿನ ಗ್ಯಾರೇಜಿನಿಂದ ಕೆಂಪು ಅಂಟು ಇಸಿದುಕೊಂಡು ಮುಚ್ಚಿದ್ದ. "ಇಕಿಗೆ ನೀ ಬೈತಿ ಅಂತ ಹೇಳಲಿಲ್ಲಣ್ಣ."

"ಇಕಿಗೆ ಬೈತಿದ್ದೆ, ಖರೆ. ಬೈದು ಬಿಡ್ತಿದ್ದೆ. ಈಗ ನಿನ್ನ ಯಾವ ಮಾತು ನಂಬಲಿ? ಆ ದೋಸ್ತನ ಧಂದೇದು?"

"ಅವಂದೇನದ? ಅವ ನೀರು ಕಂಡ್ರ ಅಂಜತಾನ. ಬೋಟ್ ಕಟ್ಟಿಕೊಂಡು ಏನ್ ಮಾಡ್ತಾನ?"

ಇವರು ಕೆರೆಯುವ ಚಪ್ಪಟೆ ಪಟ್ಟಿಯೊಂದನ್ನು ಅವನ ಮುಂದೆ ಹಾಕಿದರು. ಅವನು ಕೆಂಪು ಅಂಟನ್ನೆಲ್ಲ ಕೆರೆದು ತೆಗೆದ. ಇವರು ಉಗುರು ಆಡಿಸಿ ನೋಡಿ, "ಇಲ್ಲಿ ಉಳದದ," ಎಂದರು. ಮತ್ತೆ ಕೆರೆದ. ಕಣದಷ್ಟು ಹಳೆಯ ಅಂಟು ಉಳಿದರೂ ಸಂದಿನಿಂದ ಗಾಳಿ ಹೊಕ್ಕು ಪಂಪು ನೀರು ಎಳೆಯುವುದಿಲ್ಲವಂತೆ. ಒರೆಸಿ ಒಣಗಿಸಿ, ಕರಿಯ ಅಂಟನ್ನು ಸಣ್ಣ ಎಳೆಯಾಗಿ ಸುತ್ತಲೂ ಹಚ್ಚಿ, ಪಂಪನ್ನು ಕೂಡಿಸಿದರು. ಬೋಲ್ಟುಗಳನ್ನು ಎದುರುಬದುರು ಬಿಗಿಯಬೇಕು, ಇಲ್ಲದಿದ್ದರೆ ಒಂದು ಕಡೆ ಎತ್ತಿಕೊಳ್ಳುತ್ತದೆ. ತಮ್ಮ ಬಿಗಿದ ಪ್ರತಿಯೊಂದನ್ನೂ ಅಣ್ಣ ಮತ್ತೊಮ್ಮೆ ಪಾನಾ ಹಾಕಿ ನೋಡಿದರು. ಒಂದೂ ಸಡಿಲಿರಲಿಲ್ಲ. ಆದರೂ ಕೊನೆಯದರ ತನಕ ನೋಡಿದರು.

ಅಂಟು ಒಣಗಲು ಮರುದಿನದವರೆಗೆ ಮುಟ್ಟುವಂತಿರಲಿಲ್ಲ. ಸಂಜೆ ಕೈತೊಳೆಯಲು ನೀರು ಹಾಕುತ್ತ ನಾನೇ ಕೇಳಿದೆ, "ಒಲಿ ಬ್ಯಾರೆ ಮಾಡೋ ಮಾತು ಏನಾತರಿ?"

"ಬೋಟು ನೀರಿಗಿಳೀಲಿ. ಇನ್ನ ಏನೇನ್ ಮುಚ್ಚಿಟ್ಟಾರೋ ಯಾರಿಗ್ಗೊತ್ತು," ಎಂದರು. ಕೈ ಒರೆಸಿಕೊಳ್ಳುತ್ತ, "ಅಂವಗ ಉಣ್ಣಾಕ ಕರಿ. ಕಣ್ಣ ಮುಂದ ಇರಲಿ," ಎಂದರು.

ನಾಲ್ವರೂ ಒಟ್ಟಿಗೇ ಕೂತು ಉಂಡೆವು. ಬಿಸಿ ಜೋಳದ ರೊಟ್ಟಿ, ಝುಣಕ, ಮೆಂತ್ಯೆ ಪಲ್ಲೆ, ಮೊಸರು, ಹಸಿ ಉಳ್ಳಾಗಡ್ಡಿ. ಇವರು ತಮಗೆ ಕೇಳುವ ಮೊದಲು ತಮ್ಮನ ಗಂಗಾಳದತ್ತ ನೋಡಿ, "ಅಂವಗ ಇನ್ನೊಂದು ರೊಟ್ಟಿ ಹಾಕು," ಎಂದರು. ಅಂಗಳದ ಗೇಟಿಗೆ ಬೀಗ ಹಾಕಿದವರೂ ಅವರೇ, ಕೀಲಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡವರೂ ಅವರೇ. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವರೂ ಅವರೇ.